ಬಿಡುವ ಮೊದಲೇ ಹಿಡಿಯುವ ವಿದ್ಯೆ

ಪೇಟೆಂಟ್ ಕಚೇರಿಯಲ್ಲಿ ಒಬ್ಬಳು ಪರೀಕ್ಷಕಿ ಇದ್ದಳು. ಮಧ್ಯಾಹ್ನದ ಊಟ ಯಾವಾಗಲೂ ಒಬ್ಬಳೇ ಮಾಡುವವಳು. ಅಂದು ಡಬ್ಬಿ ಬಿಚ್ಚುವ ಹೊತ್ತಿಗೆ ಮೊಬೈಲ್ ಕಂಪನಿಯ ವಕೀಲ ಜಯತೀರ್ಥರು ಬಂದು ಮೇಜು ಗುದ್ದಿದರು.

"ಮೇಡಂ, ಓಡುವ ರೈಲಿನಲ್ಲೂ ನಮ್ಮ ಕರೆ ಕಡಿಯುವುದಿಲ್ಲ! ಹೊಸ ಟವರನ್ನು ಗಟ್ಟಿಯಾಗಿ ಹಿಡಿದ ಮೇಲೇ ನಮ್ಮ ಫೋನು ಹಳೆಯದನ್ನು ಬಿಡುತ್ತದೆ. ಮಾತಾಡುವವರಿಗೆ ಸುಳಿವೇ ಸಿಗುವುದಿಲ್ಲ. ಈ ಉಪಾಯ ಪ್ರಪಂಚದಲ್ಲಿ ಯಾರಿಗೂ ಹೊಳೆದಿಲ್ಲ. ಹೊಳೆದಿದ್ದರೆ ಒಬ್ಬರನ್ನು ತೋರಿಸಿ, ಇಲ್ಲವೇ ಸಂಜೆಯೊಳಗೆ ಪೇಟೆಂಟ್ ಕೊಡಿ!"

"ಒಬ್ಬರಿದ್ದಾರೆ ಸರ್," ಅಂದಳು. "ನನ್ನ ಗಂಡ."

"ಅವರೂ ಎಂಜಿನಿಯರ್ರಾ?"

"ಅಲ್ಲ, ಸೀರೆ ಅಂಗಡಿ ಇಟ್ಟಿದ್ದರು. ಇನ್ನೊಬ್ಬಳ ಮನೆಯ ಕೀಲಿಕೈ ಸಿಗುವವರೆಗೂ ನಮ್ಮ ಮನೆ ಬಿಡಲಿಲ್ಲ. ದಿನಾ ಮಲ್ಲಿಗೆ ತರುತ್ತಿದ್ದರು. ನನಗೆ ಸುಳಿವೇ ಸಿಗಲಿಲ್ಲ."

ವಕೀಲರು ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಹಾಕಿಕೊಂಡರು. ಕೊನೆಗೆ ಕಾನೂನು ನೆನಪಾಯಿತು.

"ಗುಟ್ಟಾಗಿ ಮಾಡಿದ್ದು ಲೆಕ್ಕಕ್ಕೆ ಬರಲ್ಲ ಮೇಡಂ. ಜನರಿಗೆ ಮೊದಲೇ ಗೊತ್ತಿದ್ದರೆ ಮಾತ್ರ ನಮ್ಮ ಪೇಟೆಂಟ್ ತಪ್ಪುತ್ತದೆ."

"ಗೊತ್ತಿತ್ತಲ್ಲ ಸರ್." ಅವಳು ಡಬ್ಬಿಯ ಮುಚ್ಚಳ ತೆಗೆದಳು. "ಇಡೀ ಬೀದಿಗೆ ಗೊತ್ತಿತ್ತು. ನನಗೊಬ್ಬಳಿಗೆ ಗೊತ್ತಿರಲಿಲ್ಲ."