ಹನ್ನೆರಡನೆಯ ತೊಲೆ

"ಕೇಳ್ರಪ್ಪೋ ಕೇಳಿ! ಹೊಸ ಸಭಾಮಂಟಪದ ಉಕ್ಕಿನ ತೊಲೆ ಮುರಿದು ಬಿದ್ದು ಯುವರಾಜರು ತೀರಿಕೊಂಡಿದ್ದಾರೆ. ದೊರೆಗಳು ಮೂರು ಒಗಟು ಒಡ್ಡಿದ್ದಾರೆ. ಬಿಡಿಸಿದವರಿಗೆ ಕೇಳಿದ್ದು ಸಿಗುತ್ತದೆ. ತಪ್ಪಿದವರು ಉಳಿದ ತೊಲೆಗಳಲ್ಲೊಂದರ ಕೆಳಗೆ ನಿಲ್ಲಬೇಕು, ಮೇಲೆ ಕಲ್ಲು ಹೇರಲಾಗುವುದು. ಯಾರೂ ಬಿಡಿಸದಿದ್ದರೆ ತೊಲೆ ಬೆಸೆದ ಕಾಳಾಚಾರಿಯೇ ನಿಲ್ಲಬೇಕು!"

ಹೊಗರೂರಿನ ಬೀದಿಯಲ್ಲಿ ಈ ಡಂಗುರ ಕೇಳಿ ಕೆಂಚಿಯ ಕೈಯಿಂದ ಇದ್ದಿಲಿನ ಪುಟ್ಟಿ ಜಾರಿತು. ಕಾಳಾಚಾರಿ ಅವಳ ಒಡಹುಟ್ಟಿದ ಅಣ್ಣ. ಹನ್ನೆರಡು ತೊಲೆಗಳನ್ನು ಬೆಸೆಯುವಾಗಲೂ ತಿದಿ ಒತ್ತಿದವಳು ಅವಳೇ. ಆದರೆ ತಿದಿ ಒತ್ತುವವಳನ್ನು ಕರೆದು ಕೇಳುವಷ್ಟು ಪುರಸೊತ್ತು ಯಾವ ಅರಮನೆಗಿದೆ? ಬೆಸುಗೆ ಇನ್ನೂ ಕೆಂಪಗಿರುವಾಗಲೇ ದೊರೆ ತನ್ನ ಕೈಯಾರೆ ಹೊಳೆಯ ನೀರೆರೆದು "ತಣ್ಣಗಿರು" ಎಂದು ಹರಸುವುದು ಆ ಮನೆತನದ ಪದ್ಧತಿ. ಆಗೆಲ್ಲ ಕೆಂಚಿ ಗೋಡೆಗೆ ಒತ್ತಿಕೊಂಡು ನಿಂತಿರುತ್ತಿದ್ದಳು.

ಶುಕ್ರವಾರ ಮಂಟಪದ ಮುಂದೆ ಜನ ಸೇರಿದರು. ದೊರೆ ಜಯಭೂಪಾಲನ ಕಣ್ಣು ಗುಳಿಬಿದ್ದಿದ್ದವು.

"ಮೊದಲನೆಯದು," ಎಂದ. "ಬೆಂಕಿಯಲ್ಲಿ ಬೆಂದು ಕೂಡಿದ ಜಾಗ ಹಾಗೇ ಇದೆ. ಅದರಿಂದ ಒಂದು ಬೆರಳು ಆಚೆಗೆ, ಕರಗದೆ ಉಳಿದ ಜಾಗ ಮುರಿದಿದೆ. ಏಕೆ? ಎರಡನೆಯದು. ಆನೆ ನಿಂತರೂ ಜಗ್ಗದ ತೊಲೆ ಮೇಲೇರಿಸಿದ ಮೂರನೆಯ ದಿನ ಯಾರೂ ಮುಟ್ಟದೆ ಬಿತ್ತು. ಅಲ್ಲಿಯವರೆಗೆ ಅದರೊಳಗೆ ಅಡಗಿದ್ದದ್ದೇನು? ಮೂರನೆಯದು. ನಮ್ಮ ಅಜ್ಜನ ಕಾಲದ ಮಂಟಪದ ಮೆದು ಕಬ್ಬಿಣ ಉಳಿಯಿತು, ಅದಕ್ಕಿಂತ ಎಷ್ಟೋ ಪಾಲು ಗಟ್ಟಿಯಾದ ಈ ಉಕ್ಕು ಸತ್ತಿತು. ಕೊಂದ ಕೈ ಯಾರದು?"

ಉಕ್ಕಿನ ವ್ಯಾಪಾರಿ ಪದುಮಶೆಟ್ಟಿ ಮುಂದೆ ಬಂದ. "ಬೆಸುಗೆಯೇ ಹಸಿ, ಮಹಾಸ್ವಾಮಿ. ಕೈ ಆಚಾರಿಯದು."

"ಬೆಸುಗೆ ಬಿಟ್ಟಿಲ್ಲವಲ್ಲ, ಶೆಟ್ಟಿ," ಎಂದ ದೊರೆ. ಅವನನ್ನು ನಿಲ್ಲಿಸಿದ ತೊಲೆ ಇಪ್ಪತ್ತನೆಯ ಕಲ್ಲಿಗೆ ಮುರಿಯಿತು. ಆಸ್ಥಾನದ ಜೋಯಿಸರು ಶನಿಯ ಕಡೆ ಬೆರಳು ತೋರಿಸಿದರು. ಊರಿಗೆಲ್ಲ ಗಳಿಗೆ ನೋಡುತ್ತಿದ್ದವರು ತಮ್ಮದನ್ನು ನೋಡಿಕೊಂಡಿರಲಿಲ್ಲ. ಅವರಿಗೆ ಹದಿನಾಲ್ಕು ಕಲ್ಲು ಸಾಕಾಯಿತು. ಆಮೇಲೆ ಯಾರೂ ಬರಲಿಲ್ಲ. ಭಟರು ಕಾಳಾಚಾರಿಯ ಕೈಗೆ ಕಟ್ಟಿದ್ದ ಹಗ್ಗ ಎಳೆದರು.

"ನಾನ್ ಹೇಳ್ತೀನಿ, ಬುದ್ಧಿ," ಎಂದಳು ಕೆಂಚಿ.

"ಬ್ಯಾಡ ಕಣೇ! ಮನೆಗೋಗು!" ಎಂದು ಅಣ್ಣ ಕೂಗಿಕೊಂಡ.

ಅವಳು ಮುರಿದ ತೊಲೆಯ ಪಕ್ಕ ಹೋಗಿ ನಿಂತಳು. "ಬೆಂಕಿ ಕರಗಿಸಿದ ಜಾಗಕ್ಕಿಂತ ಅದರ ಪಕ್ಕದ ಜಾಗಕ್ಕೇ ಅಪಾಯ ಜಾಸ್ತಿ, ಬುದ್ಧಿ. ಕಾವು ತಿಂದು ಅದರ ಹದ ಕೆಟ್ಟಿರ್ತದೆ. ಥಟ್ಟಂತ ತಣ್ಣಗಾದ್ರೆ ಗಾಜಿನ ಬಳೆ ಥರ ಆಗ್ತದೆ. ಒಳಗೆ ಅಡಗಿದ್ದು ನೀರಿನ ಪಸೆ, ಅದು ಎಬ್ಬಿಸಿದ ಕೂದಲೆಳೆಯಂಥ ಬಿರುಕು. ಅದು ನಿಧಾನಕ್ಕೆ ಬೆಳೀತದೆ. ಎರಡನೇ ದಿನ ಅದು 'ಟಿಕ್' ಅಂದದ್ದು ನನ್ ಕಿವೀಗೇ ಬಿತ್ತು. ಹೇಳಾಕೆ ಹೆದರಿದೆ."

"ಕೊಂದ ಕೈ?" ಎಂದ ದೊರೆ.

"ಮೆದು ಕಬ್ಬಿಣ ನೀರು ತಡ್ಕೊಳ್ತದೆ. ಗಟ್ಟಿ ಉಕ್ಕು ತಡ್ಕೊಳ್ಳಾಕಿಲ್ಲ. ನೀರು ಎರೆದವರು ತಾವು, ಬುದ್ಧಿ."

ಭಟನೊಬ್ಬ ಕತ್ತಿ ಹಿರಿದ. ದೊರೆ ತಡೆಯಲಿಲ್ಲ, ಬೀಸೆಂದೂ ಹೇಳಲಿಲ್ಲ.

"ಹನ್ನೆರಡನೇ ತೊಲೆಗೆ ಬರೋವಾಗ ತಮ್ಮ ಬಿಂದಿಗೆ ಖಾಲಿಯಾಗಿತ್ತು. ನಮ್ಮಣ್ಣ ಅದನ್ನ ಬೂದೀಲಿ ಮುಚ್ಚಿ ಮೂರು ದಿನ ಆರಾಕೆ ಬಿಟ್ಟಿದ್ದ," ಎನ್ನುತ್ತ ಕೆಂಚಿ ಹೋಗಿ ಅದರ ಕೆಳಗೆ ನಿಂತಳು. "ಹೇರಿಸಿ."

ಹೇರಿದರು. ಹದಿನಾಲ್ಕು, ಇಪ್ಪತ್ತು, ನಲವತ್ತು. ಅವಳು ಕಣ್ಣು ಮುಚ್ಚಿ ಆ 'ಟಿಕ್' ಸದ್ದಿಗೇ ಕಿವಿಗೊಟ್ಟಿದ್ದಳು. ಸದ್ದು ಬರಲಿಲ್ಲ. ಅಂಗಳದಲ್ಲಿ ಕಲ್ಲು ಮುಗಿದವು.

ದೊರೆ ತನ್ನ ಬಲಗೈಯನ್ನು ನೋಡಿಕೊಂಡ. "ಏನು ಬೇಕು, ಕೇಳು."

"ಅಣ್ಣನ್ನ ಬಿಡಿ. ಇನ್ಮೇಲೆ ಕುಲುಮೆಯವರು ತಡೀರಿ ಅಂದ್ರೆ ಅರಮನೆಯವರ ಕೈ ತಡೀಬೇಕು."

ಎರಡೂ ನಡೆದವು. ಸತ್ತವರಂತೂ ಎದ್ದು ಬರಲಿಲ್ಲ.

ಹೊಸ ತೊಲೆ ಬೆಸೆದ ದಿನ ದೊರೆ ವಾಡಿಕೆಯಂತೆ ಬಿಂದಿಗೆ ಹಿಡಿದು ಬಂದ. "ತಡೀರಿ, ಬುದ್ಧಿ," ಎಂದಳು ಕೆಂಚಿ. ಅವನು ಬಿಂದಿಗೆ ಕೆಳಗಿಟ್ಟು, ಬೂದಿಯ ರಾಶಿಯ ಪಕ್ಕ ಮೂರು ದಿನ ಕಾದ. ನಾಲ್ಕನೆಯ ದಿನ ಅವಳು ಬೂದಿ ಸರಿಸಿ, ಉಕ್ಕಿನ ಮೇಲೆ ಅಂಗೈಯಿಟ್ಟು ನೋಡಿ, ಈಗ ಎರೆಯಬಹುದೆಂದು ತಲೆಯಾಡಿಸಿದಳು. ತಣ್ಣಗಾಗಿದ್ದ ತೊಲೆಯ ಮೇಲೆ ದೊರೆ ಒಂದೊಂದೇ ಹನಿಯಾಗಿ ನೀರು ಬಿಟ್ಟ.

"ತಣ್ಣಗಿರು, ಮಗನೇ," ಎಂದ.