ಓಬಳೇಶ ಟ್ರೈಪಾಡ್ ತಂದದ್ದು

ನಗೋರೆಲ್ಲ ಮುಂದೆ ಬನ್ನಿ, ನಗು ಬರದೇ ಇರೋರು ಗೋಡೆಗೆ ಒರಗಿಕೊಂಡು ಕೂತ್ಕೊಳ್ಳಿ. ನಡುವೆ ಯಾರೂ ಬಾಯಿ ಹಾಕಿ ‘ಹಂಗೂ ಇರ್ತಾರಾ’ ಅಂತ ಕೇಳಬಾರದು. ಇರ್ತಾರೆ. ಒಬ್ಬ ಇದ್ದ. ಅವನ ಹೆಸರು ಓಬಳೇಶ.

ಓಬಳೇಶನಿಗೆ ಇಪ್ಪತ್ತೆರಡು ವಯಸ್ಸು. ಮೈಯಲ್ಲಿ ಎತ್ತಿನ ಬಲ, ಬಾಯಲ್ಲಿ ಒಂದೇ ಮಾತು, “ಹೂನವ್ವಾ!” ಹೇಳಿದ ಕೆಲಸಕ್ಕೆ ಇಲ್ಲ ಅಂದವನಲ್ಲ. ಹೇಳಿದ್ದು ಬಿಟ್ಟು ಕೂದಲೆಳೆಯಷ್ಟು ಆಚೀಚೆ ಹೋದವನೂ ಅಲ್ಲ. ಅದೇ ನೋಡಿ ತಾಪತ್ರಯ! “ಅಂಗಡಿಗೆ ಯಾರಾದ್ರೂ ಬಂದ್ರೆ ಕೂರಿಸು, ನಾನು ಬರ್ತೀನಿ” ಅಂತ ಅವರವ್ವ ಹೇಳಿ ಹೋದ ದಿನ, ಕಾಗದ ಕೊಡೋಕೆ ಬಂದ ಪೋಸ್ಟ್‌ಮ್ಯಾನನ್ನು ಭುಜ ಅದುಮಿ ಮೂರು ಗಂಟೆ ಕೂರಿಸಿದ್ದ. ಪಾಪ, ಆ ಪೋಸ್ಟ್‌ಮ್ಯಾನು ಈಗಲೂ ಕಾಗದವನ್ನು ಬೀದಿಯಿಂದಲೇ ಎಸೆದು ಹೋಗ್ತಾನೆ.

ಅವರವ್ವ ಬೋರಮ್ಮ. ಗಂಡ ತೀರಿಕೊಂಡ ಮೇಲೆ ಹಿರೇಬಂಡೆ ಊರಲ್ಲಿ ಅವನ ಫೋಟೋ ಸ್ಟುಡಿಯೊ ನಡೆಸುತ್ತಿದ್ದವಳು ಅವಳೇ. ಗಟ್ಟಿ ಹೆಂಗಸು. ಆದರೆ ಹೋದ ವರ್ಷ ಕೀಲುನೋವಿನ ಜ್ವರ ಬಂದು ಹೋದಾಗಿನಿಂದ ಕೈ ನಡುಗೋಕೆ ಹತ್ತಿತು. ಎರಡು ಮದುವೆಯ ಫೋಟೋ ಮಸಕು ಮಸಕಾಗಿ ಬಂದವು. ಮದುಮಗ ಯಾರು, ಬಾಳೆಕಂಬ ಯಾವುದು ಅಂತ ಗೊತ್ತಾಗಲಿಲ್ಲ! ಜನ ಅವಳ ಅಂಗಡಿ ದಾಟಿ ಹೋಗತೊಡಗಿದರು.

ಅಷ್ಟರಲ್ಲಿ ಎಂಬತ್ತಾರು ವರ್ಷದ ಪಾಲಕ್ಕ ಕೋಲೂರಿಕೊಂಡು ಸ್ಟುಡಿಯೊಗೆ ಬಂದಳು.

“ಬೋರಮ್ಮಾ, ನಾವು ಆರು ಜನ ಅಕ್ಕತಂಗೇರು ಭಾನುವಾರ ಸೇರ್ತಿದೀವಿ ಕಣೆ. ಹದಿನೆಂಟು ವರ್ಷ ಆತು ಸೇರಿ. ಮತ್ತೆ ಸೇರ್ತೀವೋ ಇಲ್ವೋ. ಒಂದು ಫೋಟೋ ತೆಗಿ. ಒಳಗೆ ಬ್ಯಾಡ. ಚಿಕ್ಕೋರಿದ್ದಾಗ ಹುಣಸೆಹಣ್ಣು ಒಣಗಿಸ್ತಿದ್ವಲ್ಲ, ಹಳ್ಳದ ದಂಡೆ ಬಂಡೆ, ಅದರ ಮ್ಯಾಲೇ ತೆಗೀಬೇಕು!”

“ಆಗ್ಲಿ ಅಜ್ಜಿ. ಎಲ್ರೂ ನಗ್ತಾ ಕೂತ್ಕಬೇಕು ಮತ್ತೆ.”

“ನಗೋ ಮಾತು ಬಿಡು. ಕಿರೇಳು ದುರುಗಿಗೂ ನನಗೂ ಮಾತಿಲ್ಲ. ಹೋದ ಸಲ ಸೇರಿದಾಗ ನಮ್ಮವ್ವನ ಬೀಸೋ ಕಲ್ಲು ಹೊತ್ಕಂಡು ಹೋದ್ಲು, ಅವತ್ತಿಂದ ಇಲ್ಲ!”

ಬೋರಮ್ಮ ಒಪ್ಪಿಕೊಂಡಳು, ಆಮೇಲೆ ತಲೆ ಮೇಲೆ ಕೈ ಹೊತ್ತು ಕೂತಳು. ಇದೊಂದು ಚಿತ್ರ ನೆಟ್ಟಗೆ ಬಂದರೆ ಹೆಸರು ಉಳಿಯುತ್ತೆ, ಇದೂ ಮಸಕಾದರೆ ಸ್ಟುಡಿಯೊ ಬಾಗಿಲು ಎಳೆಯೋದೇ ಸರಿ. ನಡುಗೋ ಕೈಗೆ ಒಂದೇ ದಾರಿ, ಟ್ರೈಪಾಡು, ಅದೇ ಕ್ಯಾಮೆರಾ ಇಡೋ ಮೂರು ಕಾಲಿನ ಸ್ಟ್ಯಾಂಡು.

“ಓಬಳೇಶಾ! ಪೇಟೆಗೆ ಹೋಗಿ ನಜೀರಣ್ಣನ ಕ್ಯಾಮೆರಾ ಅಂಗಡೀಲಿ ಒಂದು ಟ್ರೈಪಾಡ್ ತಗಂಡು ಬಾ. ದುಬಾರಿದು ಬ್ಯಾಡ. ಬಂಡೆ ಹತ್ತಿಸ್ಬೇಕು, ಎಷ್ಟು ಹಗುರ ಸಿಗುತ್ತೋ ಅಷ್ಟು ಹಗುರಾದ್ದು ತಗೋ!”

“ಹೂನವ್ವಾ!”

ಹೋದ. “ನಜೀರಣ್ಣಾ, ಹಗುರಾದ್ದು ಕೊಡಿ!” ಕೊಟ್ಟರು. “ಇನ್ನೂ ಹಗುರಾದ್ದು!” ಇನ್ನೊಂದು ತೆಗೆದರು. “ಇನ್ನೂ ಹಗುರಾದ್ದು!” ನಜೀರಣ್ಣ ಒಳ್ಳೆಯ ಮನುಷ್ಯ, ಆದರೆ ಅವರಿಗೂ ಸಾಕಾಯಿತು. “ಇದಕ್ಕಿಂತ ಹಗುರ ಅಂದ್ರೆ ಇದರ ಚೀಲ ಅಷ್ಟೇ ಕಣಪ್ಪಾ!”

“ಅದನ್ನೇ ಕೊಡಿ!”

ಖಾಲಿ ಚೀಲ ಹೆಗಲಿಗೆ ಹಾಕಿಕೊಂಡು ಕುಣೀತಾ ಬಂದ. ಬೋರಮ್ಮ ಜಿಪ್ಪು ಎಳೆದಳು, ಒಳಗೆ ಕೈ ಹಾಕಿದಳು, ತಲೆಯನ್ನೂ ಹಾಕಿ ನೋಡಿದಳು.

“ಸ್ಟ್ಯಾಂಡ್ ಎಲ್ಲೋ?”

“ಅದು ಭಾರ ಇತ್ತವ್ವಾ!”

“ಅಯ್ಯೋ ನನ್ನ ಹಣೆಬರಹವೇ! ಹಗುರ ಇದ್ರೆ ಸಾಕೇನೋ? ನಿಲ್ಬೇಕು! ಹಿಡಿದು ಅಲ್ಲಾಡಿಸಿ ನೋಡು. ಯಾವುದು ಅಲ್ಲಾಡಲ್ವೋ ಅದನ್ನ ತಗಂಡು ಬಾ!”

“ಹೂನವ್ವಾ!”

ಮಾರನೇ ದಿನ ಹೋದ. ಒಂದನ್ನು ಹಿಡಿದು ಅಲ್ಲಾಡಿಸಿದ, ಅಲ್ಲಾಡಿತು. ಇನ್ನೊಂದನ್ನು ಅಲ್ಲಾಡಿಸಿದ, ಅಲ್ಲಾಡಿತು. ಮೂರನೆಯದನ್ನು ಅಲ್ಲಾಡಿಸಿದ, ಅದರ ಕಾಲು ಕೈಗೇ ಬಂತು! ಎತ್ತಿನ ಬಲ ಅಂದೆನಲ್ಲ. ನಜೀರಣ್ಣ ಕೈಮುಗಿದು ಹೊರಗೆ ಕಳಿಸಿದರು. ಆಮೇಲೆ ಬೀದಿ ಉದ್ದಕ್ಕೂ ಅಲ್ಲಾಡಿಸ್ತಾ ಹೋದ. ಬೀಡಾ ಅಂಗಡಿ ಅಲ್ಲಾಡಿತು. ನಿಲ್ಲಿಸಿದ್ದ ಆಟೋ ಅಲ್ಲಾಡಿತು, ಒಳಗೆ ಮಲಗಿದ್ದ ಡ್ರೈವರು ಎದ್ದು ಬೈದ. ಕರೆಂಟು ಕಂಬ ಅಲ್ಲಾಡಲಿಲ್ಲ, ಆದರೆ ಅದಕ್ಕೆ ಒಂದೇ ಕಾಲು! ಕೊನೆಗೆ ಪಾತ್ರೆ ಬಾಡಿಗೆ ಕೊಡೋ ಅಂಗಡಿ ಮುಂದೆ ಕಂಡಿತು ನೋಡಿ, ಮದುವೆ ಅಡುಗೆಗೆ ಅನ್ನದ ಕೊಪ್ಪರಿಗೆ ಇಡೋ ಕಬ್ಬಿಣದ ಸ್ಟ್ಯಾಂಡು. ಎಣಿಸಿದ, ಮೂರು ಕಾಲು. ಅಲ್ಲಾಡಿಸಿದ. ಜಪ್ಪಯ್ಯ ಅನ್ನಲಿಲ್ಲ!

ಲಗೇಜು ಆಟೋದಲ್ಲಿ ಹಾಕಿಸಿಕೊಂಡು ಬಂದ. ಇಳಿಸೋಕೆ ನಾಲ್ಕು ಜನ ಬೇಕಾಯಿತು.

“ನೀನೇ ಅಲ್ಲಾಡಿಸಿ ನೋಡವ್ವಾ!”

“ಇದರ ಮೇಲೆ ಕ್ಯಾಮೆರಾ ಇಡ್ಲೋ, ಅನ್ನಕ್ಕೆ ಎಸರಿಡ್ಲೋ?” ಬೋರಮ್ಮನಿಗೆ ಅಳು ಬಂತು, ಜೊತೆಗೆ ನಗುವೂ ಬಂತು. “ಮಡಚೋಕೆ ಬರ್ಬೇಕು ಕಣೋ! ಮಡಚಿದ್ರೆ ಬಸ್ಸಿನ ಸೀಟಿನ ಕೆಳಗೆ ಹೋಗ್ಬೇಕು, ಅಂಥದ್ದು!”

“ಹೂನವ್ವಾ!”

ಮೂರನೇ ಸಲ ನಜೀರಣ್ಣ ಇವನನ್ನು ಸ್ಟೂಲಿನ ಮೇಲೆ ಕೂರಿಸಿ ತಾವೇ ಆರಿಸಿದರು. ಅಲ್ಯೂಮಿನಿಯಂ ಕಾಲು, ಒಂದೂವರೆ ಕೆಜಿಯೂ ಇಲ್ಲ, ಮಡಚಿದರೆ ಮೊಣಕಾಲುದ್ದ, ನಡುವೆ ಭಾರ ನೇತುಹಾಕೋಕೆ ಒಂದು ಕೊಕ್ಕೆ. ರೇಟೂ ಬೋರಮ್ಮನ ಕೈಗೆ ಎಟುಕೋ ಹಾಗಿತ್ತು. ಚೀಲವಂತೂ ಮೊದಲೇ ಮನೆಯಲ್ಲಿತ್ತು! ಈ ಸಲ ಎಲ್ಲ ಸರಿಹೋಯಿತು ಅಂತ ನೀವು ಅಂದ್ಕೋತೀರಿ. ನಜೀರಣ್ಣನೂ ಹಾಗೇ ಅಂದ್ಕೊಂಡರು.

ಸಂಜೆ ಓಬಳೇಶ ಕೈಬೀಸಿಕೊಂಡು ಬಂದ. “ಹೋಯ್ತವ್ವಾ! ಚೆನ್ನಾಗಿ ಹೋಯ್ತು! ಒಂದು ಚೂರೂ ತಗುಲಲಿಲ್ಲ!”

“ಎಲ್ಲಿಗೆ ಹೋಯ್ತೋ?”

“ಸೀಟಿನ ಕೆಳಗೆ!”

“ಈಗ ಎಲ್ಲೈತೆ?”

“ಅಲ್ಲೇ ಐತೆ. ಅಲ್ಲಿಗೇ ಹೋಗ್ಬೇಕು ಅಂದಿದ್ಯಲ್ಲವ್ವಾ!”

ಬೋರಮ್ಮ ಸೆರಗು ಸಿಕ್ಕಿಸಿಕೊಂಡು ಬಸ್ ಸ್ಟ್ಯಾಂಡಿಗೆ ಓಡಿದ ಓಟವನ್ನು ಊರು ಇನ್ನೂ ಮರೆತಿಲ್ಲ. ಪುಣ್ಯಕ್ಕೆ ಕಂಡಕ್ಟರು ತೆಗೆದಿಟ್ಟಿದ್ದ, ವಾಪಸು ಟ್ರಿಪ್ಪಿನಲ್ಲಿ ತಂದುಕೊಟ್ಟ.

“ನೋಡು ಓಬಳೇಶಾ, ಇನ್ನು ಏನೇ ಆಗ್ಲಿ, ಇದನ್ನ ಕೈಬಿಡ್ಬ್ಯಾಡ! ತಿಳೀತಾ?”

“ಹೂನವ್ವಾ!”

ಕೈಬಿಡಲಿಲ್ಲ. ಟ್ರೈಪಾಡ್ ಹಿಡಿದೇ ಮುದ್ದೆ ಉಂಡ. ಹಿಡಿದೇ ಸ್ನಾನ ಮಾಡಿದ, ಅದಕ್ಕೂ ಸೋಪು ಹಚ್ಚಿದ. ಭಾನುವಾರ ಹಿಡಿದುಕೊಂಡೇ ಬಂಡೆ ಹತ್ತಿದ.

ಬಂಡೆ ಮೇಲೆ ಗಾಳಿ ಅಂದರೆ ಗಾಳಿ. ಆರು ಜನ ಅಜ್ಜಿಯರು ಸೆರಗು ಹಿಡಿದು ನಿಂತಿದ್ದರು. ಈ ತುದಿಗೆ ಪಾಲಕ್ಕ, ಆ ತುದಿಗೆ ದುರುಗಮ್ಮ. ಇಬ್ಬರ ಮುಖವೂ ಸುಟ್ಟ ಬದನೆಕಾಯಿ.

“ಸ್ಟ್ಯಾಂಡ್ ನಿಲ್ಲಿಸೋ.” ನಿಲ್ಲಿಸಿದ, ಕೈ ತೆಗೆಯಲಿಲ್ಲ. ಅವನು ಉಸಿರಾಡಿದರೆ ಅದೂ ಅಲ್ಲಾಡಿತು.

“ಕೈ ಬಿಡೋ!”

“ಬಿಡ್ಬ್ಯಾಡ ಅಂದಿದ್ದೆ!”

“ಈಗ ನಾನೇ ಹೇಳ್ತಿದೀನಿ, ಬಿಡೋ!”

ಬಿಟ್ಟ. ಗಾಳಿಗೆ ಟ್ರೈಪಾಡ್ ದಡಾರನೆ ಬಿತ್ತು. ಸದ್ಯ, ಕ್ಯಾಮೆರಾ ಇನ್ನೂ ಚೀಲದಲ್ಲಿತ್ತು.

“ನೋಡ್ದಾ! ಹಗುರಾದ ಸ್ಟ್ಯಾಂಡಿಗೆ ಭಾರ ಕಟ್ಬೇಕು. ನಾವು ತಂದಿರೋ ಸಾಮಾನಲ್ಲಿ ಯಾವ್ದು ಎಲ್ಲಾದಕ್ಕಿಂತ ಭಾರ ಐತೋ ಅದನ್ನ ನಡುವಿನ ಕೊಕ್ಕೆಗೆ ಕಟ್ಟು, ಬಿಗಿಯಾಗಿ! ಅಷ್ಟರಲ್ಲಿ ಅಜ್ಜೀರನ್ನ ಕೂರಿಸ್ತೀನಿ.”

“ಹೂನವ್ವಾ!”

ಬುತ್ತಿ ಡಬ್ಬಿ ಎತ್ತಿ ನೋಡಿದ, ಹಗುರ. ನೀರಿನ ಬಾಟಲಿ, ಹಗುರ. ಕೊಡೆ, ಇನ್ನೂ ಹಗುರ. ಕ್ಯಾಮೆರಾ ಎತ್ತಿದ. ಅಪ್ಪ ಕೊಂಡಿದ್ದ ಹಳೇ ಡಿಜಿಟಲ್ಲು, ಒಳ್ಳೆ ಭಾರ! ಅದನ್ನೇ ಕೊಕ್ಕೆಗೆ ಸಿಕ್ಕಿಸಿ, ಬೆಲ್ಟನ್ನು ಮೂರೂ ಕಾಲಿಗೆ ಸುತ್ತಿ ಸುತ್ತಿ ಬಿಗಿದ. ಬಿಗಿಯೋ ರಭಸಕ್ಕೆ ಕ್ಯಾಮೆರಾ ತಲೆಕೆಳಗಾಗಿ, ಅದರ ಕಣ್ಣು ಅಜ್ಜಿಯರ ಕಡೆ ತಿರುಗಿತು. ಈಗ ಗಾಳಿ ಬಂತು, ಟ್ರೈಪಾಡ್ ಅಲ್ಲಾಡಲಿಲ್ಲ. ಓಬಳೇಶ ದೂರ ನಿಂತು ಮೆಚ್ಚಿಕೊಂಡ.

ಮೊದಲು ಕಂಡದ್ದು ಪಾಲಕ್ಕನಿಗೆ. “ಬೋರಮ್ಮಾ! ನಿನ್ನ ಕ್ಯಾಮೆರಾ ಬಾವಲಿ ಜೋತು ಬಿದ್ದಂಗೆ ಜೋತು ಬಿದ್ದೈತಲ್ಲೇ!”

ಆ ತುದಿಯಲ್ಲಿ ದುರುಗಮ್ಮ ಕಿಸಕ್ಕಂದಳು. ತಡೆದುಕೊಂಡಳು. ಆಗಲಿಲ್ಲ. ನಗು ಹತ್ತಿದ್ದು ನಿಲ್ಲಲೇ ಇಲ್ಲ, ಆರು ಜನರಿಗೂ ಹತ್ತಿತು. ನಕ್ಕು ನಕ್ಕು ಕೂರಲಾರದೆ ಎದ್ದು ಬಂದ ದುರುಗಮ್ಮ, ಮುಗ್ಗರಿಸಿ ಪಾಲಕ್ಕನ ಭುಜ ಹಿಡಿದುಕೊಂಡಳು. ಪಾಲಕ್ಕ ಕೊಡವಲಿಲ್ಲ!

ಮಗನಿಗೆ ಬಾರಿಸೋಕೆ ಎತ್ತಿದ್ದ ಕೈಯನ್ನು ಬೋರಮ್ಮ ಹಾಗೇ ಇಳಿಸಿದಳು. ಕ್ಯಾಮೆರಾ ಬಿಚ್ಚಿ ಸ್ಟ್ಯಾಂಡಿನ ಮೇಲೆ ಕೂರಿಸೋ ಹೊತ್ತಿಗೆ ಈ ನಗು ಎಲ್ಲಿರುತ್ತೆ? ಬಂಡೆ ಮೇಲೆ ಬೋರಲು ಮಲಗಿದಳು, ಕಣ್ಣಿಟ್ಟಳು, ಟೈಮರ್ ಒತ್ತಿ ಕೈ ತೆಗೆದಳು. ಅವಳ ಕೈ ನಡುಗುತ್ತಲೇ ಇತ್ತು. ಕ್ಯಾಮೆರಾ ನಡುಗಲಿಲ್ಲ.

ಕಟಕ್!

ಕ್ಯಾಮೆರಾದ ಹಿಂದಿನ ಪರದೆಯಲ್ಲಿ ನೋಡಿದಳು. ಆರು ಮುಖ, ಒಂದೊಂದು ಸುಕ್ಕೂ ಸ್ಪಷ್ಟ. ಬೋರಮ್ಮನಿಗೆ ಕಣ್ಣು ತುಂಬಿತು. ವರ್ಷದಿಂದ ಹೊತ್ತ ಭಾರ ಇಳಿದ ಹಾಗಾಯಿತು.

“ಬಂತು ಕಣೋ ಮಗನೇ, ಬಂತು! ಚಿತ್ರಾನ ತಾನೇ ತಿರುಗಿಸೋ ಕ್ಯಾಮೆರಾ ಇದು, ನೇತಾಡ್ತಿರೋದಕ್ಕೆ ತಲೆಕೆಳಗಾಗಿ ಕಾಣ್ತೈತೆ ಅಷ್ಟೇ. ನಾನು ಹಳ್ಳದಾಗೆ ಮುಖ ತೊಳ್ಕಂಡು ಬರ್ತೀನಿ. ಅಜ್ಜೀರಿಗೆ ತೋರಿಸು. ನೆಟ್ಟಗೆ ಕಾಣೋ ಹಂಗೆ ತೋರಿಸು ಮತ್ತೆ! ಕ್ಯಾಮೆರಾ ಮುಟ್ಟಬ್ಯಾಡ, ಗಂಟು ಬಿಚ್ಚಿದ್ರೆ ಬಿದ್ದು ಒಡೆದೋಗ್ತೈತೆ!”

“ಹೂನವ್ವಾ!”

ಓಬಳೇಶ ಯೋಚಿಸಿದ. ನೆಟ್ಟಗೆ ಕಾಣಬೇಕು. ಕ್ಯಾಮೆರಾ ತಿರುಗಿಸೋ ಹಾಗಿಲ್ಲ. ಹಾಗಾದರೆ ತಿರುಗಿಸೋಕೆ ಉಳಿದವರು ಯಾರು?

ಬೋರಮ್ಮ ಮುಖ ಒರೆಸಿಕೊಳ್ಳುತ್ತಾ ಬಂಡೆ ಹತ್ತಿ ಬಂದು ನೋಡುತ್ತಾಳೆ! ಆರು ಜನ ಅಜ್ಜಿಯರು ಕ್ಯಾಮೆರಾಕ್ಕೆ ಬೆನ್ನು ಮಾಡಿ ಸಾಲಾಗಿ ನಿಂತು, ಸೀರೆ ಎತ್ತಿ ಕಟ್ಟಿ, ಸೊಂಟ ಬಗ್ಗಿಸಿ, ತಲೆ ಕೆಳಗೆ ಮಾಡಿಕೊಂಡು, ತಮ್ಮ ತಮ್ಮ ಮೊಣಕಾಲ ಸಂದಿಯಿಂದ ಫೋಟೋ ನೋಡುತ್ತಿದ್ದಾರೆ!

“ಓಬಳೇಶಾ!!”

“ನೆಟ್ಟಗೆ ಕಾಣ್ತೈತಂತೆ ಅವ್ವಾ!”

“ಸುಮ್ಕಿರೇ ಬೋರಮ್ಮ!” ಪಾಲಕ್ಕ ಕೆಳಗಿನಿಂದಲೇ ಗದರಿದಳು. “ದುರುಗಿ ನನ್ನ ಭುಜ ಹಿಡ್ಕಂಡಿರೋದು ಎಷ್ಟು ಚೆಂದ ಬಂದೈತೆ. ಇನ್ನೊಂದು ಗಳಿಗೆ ನೋಡ್ತೀನಿ ತಡಿ!”

ಪಕ್ಕದಲ್ಲಿ ಬಗ್ಗಿದ್ದ ದುರುಗಮ್ಮ ಹದಿನೆಂಟು ವರ್ಷದ ಮೇಲೆ ಬಾಯಿ ಬಿಟ್ಟಳು.

“ಅಕ್ಕಾ, ಎಷ್ಟು ಬೇಕಾದ್ರೂ ನೋಡೇ. ನನಗೆ ಸೊಂಟ ಹಿಡ್ಕಂಡೈತೆ, ಏಳೋಕಾಗ್ತಿಲ್ಲ!”