ಸಂಜೀವ ಟೈಲರ್ ಕತ್ತರಿಸದ ದಾರ

ಹೊಳೆ ಕಡಲನ್ನು ಸೇರುವಲ್ಲಿ ಒಂದು ಸಣ್ಣ ಪೇಟೆ. ಅಲ್ಲಿ ಸಂಜೀವ ಎಂಬ ಟೈಲರ್ ಇದ್ದರು. ಗಂಟುಬಿದ್ದ ನೂಲನ್ನು ಅವರು ಎಂದೂ ಕತ್ತರಿಸಿದವರಲ್ಲ. ಎಂಥ ಸಿಕ್ಕಾದರೂ ಸೂಜಿಯ ಮೊನೆಯಿಂದ ಎಳೆ ಎಳೆಯಾಗಿ ಬಿಡಿಸುತ್ತಿದ್ದರು. ಪೇಟೆಯವರು ಆ ತಾಳ್ಮೆಯನ್ನು ಹೊಗಳುತ್ತಿದ್ದರು. ಅವರಿಗೂ ಒಳಗೊಳಗೇ ಹೆಮ್ಮೆ ಇತ್ತು.

ಅವರ ಮಗ ಉದಯನಿಗೆ ಗಾಳ ಹಾಕುವ ಹುಚ್ಚು. ಹೋದ ವರ್ಷದ ಮಳೆಗಾಲದಲ್ಲಿ ಅವನು ಜ್ವರ ಬಂದು ತೀರಿಕೊಂಡ. ಗಾಳದ ಕೋಲು, ಅದರ ಮೇಲಿನ ರೀಲು, ರೀಲಿಗೆ ಅವನೇ ಸುತ್ತಿದ್ದ ನೈಲಾನ್ ದಾರ, ಎಲ್ಲವೂ ಗೋಡೆಗೆ ಒರಗಿ ಹಾಗೆಯೇ ನಿಂತವು.

ಒಂದು ಸಂಜೆ ಉದಯನ ಮಗಳು ಇಂಚರ ಅಜ್ಜನ ಹೊಲಿಗೆ ಯಂತ್ರದ ಪಕ್ಕ ಬಂದು ನಿಂತಳು.

"ಅಜ್ಜ, ಎಂಟು ವರ್ಷ ತುಂಬಿದ ಮೇಲೆ ಗಾಳ ಎಸೆಯಲು ಕಲಿಸ್ತೇನೆ ಅಂತ ಅಪ್ಪ ಹೇಳಿದ್ದರು. ಬರುವ ತಿಂಗಳು ತುಂಬ್ತದೆ. ಈಗ ಯಾರು ಕಲಿಸ್ತಾರೆ?"

"ನಾನು" ಎಂದರು ಸಂಜೀವ. ಹೇಳಿಯಾದ ಮೇಲೆ ಯೋಚನೆ ಬಂತು. ಅವರಿಗೆ ಗಾಳ ಎಸೆಯಲು ಬರುತ್ತಿರಲಿಲ್ಲ.

ಮಾರನೆಯ ದಿನವೇ ಉದಯನ ಗೆಳೆಯ ರೋಶನ್‌ನನ್ನು ಕರೆದುಕೊಂಡು ಹೊಳೆಯ ದಂಡೆಗೆ ಹೋದರು. ರೋಶನ್ ತೋರಿಸಿಕೊಟ್ಟ.

"ಮಾಮ, ಎಸೆದಾಗ ತುದಿಗೆ ಕಟ್ಟಿದ ಸೀಸದ ಗುಂಡು ದಾರವನ್ನು ಎಳೆದುಕೊಂಡು ಹೋಗ್ತದೆ. ರೀಲಿನ ಉರುಳೆ ಗಿರ್ರನೆ ತಿರುಗ್ತದೆ. ಹೆಬ್ಬೆರಳು ಅದರ ಮೇಲೆ ಹಗುರವಾಗಿ ಇರಬೇಕು. ಒತ್ತಿದರೆ ಗುಂಡು ಕಾಲಬುಡದಲ್ಲೇ ಬೀಳ್ತದೆ. ಪೂರ್ತಿ ಬಿಟ್ಟರೆ ಗುಂಡು ನೀರಿಗೆ ಬಿದ್ದ ಮೇಲೂ ಉರುಳೆ ತಿರುಗ್ತಾ ಇರ್ತದೆ. ಆಗ ದಾರವೆಲ್ಲ ಗಂಟು."

ಸಂಜೀವ ಎಸೆದರು. ಗುಂಡು ಕಾಲಬುಡದಲ್ಲಿ ಬಿತ್ತು. ಮತ್ತೆ ಎಸೆದರು. ದಾರ ಉಬ್ಬಿ ತೆಂಗಿನ ನಾರಿನ ಮುದ್ದೆಯಂತಾಯಿತು. ಅವರು ಕಲ್ಲಿನ ಮೇಲೆ ಕೂತು ಬಿಡಿಸತೊಡಗಿದರು. ಬಿಡಿಸಿ ಮುಗಿಯುವಾಗ ಕತ್ತಲಾಯಿತು.

ಹೀಗೇ ದಿನಗಳು ಕಳೆದವು. ಎಸೆಯುವುದು ಸ್ವಲ್ಪ, ಬಿಡಿಸುವುದು ಬಹಳ. ಬಲೆ ತೊಳೆಯುತ್ತಿದ್ದ ಕೊರಗಣ್ಣ ಒಮ್ಮೆ ಕೇಳಿಯೇಬಿಟ್ಟ.

"ಏನು ಟೈಲರೇ, ಮೀನಿಗೆ ಅಂಗಿ ಹೊಲೀತಾ ಇದ್ದೀರಾ?"

"ಅಳತೆ ಕೊಡಲಿಕ್ಕೆ ಒಂದೂ ಬರ್ತಾ ಇಲ್ಲ ಮಾರಾಯ" ಎಂದರು ಸಂಜೀವ. ನಕ್ಕರೂ ಅವರ ಮನಸ್ಸು ಕುಗ್ಗಿತ್ತು. ಮಗುವಿಗೆ ಕೊಟ್ಟ ಮಾತು ತಪ್ಪಿಹೋಗುವುದೇ ಎಂಬ ಅಳುಕು. ರಾತ್ರಿ ಮಲಗಿದಾಗಲೂ ಹೆಬ್ಬೆರಳು ಚಾದರದ ಅಂಚನ್ನು ಒತ್ತುತ್ತಿತ್ತು, ಬಿಡುತ್ತಿತ್ತು.

ತಿಂಗಳು ಮುಗಿಯುತ್ತ ಬಂತು. ಆ ದಿನ ಅವರು ಎಸೆದಾಗ ರೋಶನ್ ಪಕ್ಕದಲ್ಲೇ ಬಗ್ಗಿ ಅವರ ಕೈಯನ್ನು ನೋಡುತ್ತಿದ್ದ. ಹೆಬ್ಬೆರಳು ಇರಬೇಕಾದಷ್ಟೇ ಹಗುರವಾಗಿತ್ತು. ಗುಂಡು ನೀರು ಮುಟ್ಟುವ ಹೊತ್ತಿಗೆ ಬೆರಳು ಸರಿಯಾಗಿ ಒತ್ತಿತು. ಆದರೂ ದಾರ ಗಂಟಾಯಿತು.

"ನನ್ನ ಬೆರಳಿಗೆ ವಯಸ್ಸಾಯಿತು" ಎಂದರು ಸಂಜೀವ.

ರೋಶನ್ ಗಂಟಿನಿಂದ ಒಂದು ಎಳೆಯನ್ನು ಎಳೆದು ಬಿಟ್ಟ. ಆಮೇಲೆ ಮೆಲ್ಲಗೆ ಹೇಳಿದ.

"ನಿಮ್ಮ ಬೆರಳು ಸರಿಯಾಗಿಯೇ ಇದೆ ಮಾಮ. ದಾರ ಹಳತಾಗಿದೆ. ಸುತ್ತಿಟ್ಟಲ್ಲೇ ಕೂತು ಸುರುಳಿಗಟ್ಟಿದೆ. ಬಿಟ್ಟ ಕೂಡಲೇ ಹಾಗೇ ಮೇಲಕ್ಕೆ ನೆಗೀತದೆ. ಯಾರು ಎಸೆದರೂ ಗಂಟಾಗ್ತದೆ. ಮೊದಲ ವಾರವೇ ನನಗೆ ಗೊತ್ತಾಗಿತ್ತು. ಹೇಳಲಿಕ್ಕೆ ಬಾಯಿ ಬರಲಿಲ್ಲ."

ಸಂಜೀವ ರೀಲನ್ನು ಎದೆಗೆ ಹತ್ತಿರ ಹಿಡಿದುಕೊಂಡರು. "ಇದು ಉದಯ ಸುತ್ತಿದ ದಾರ. ನಾನು ಬಿಡಿಸ್ತೇನೆ. ಎಷ್ಟು ಸಲ ಬೇಕಾದರೂ ಬಿಡಿಸ್ತೇನೆ."

"ನೀವು ಬಿಡಿಸ್ತೀರಿ. ಇಂಚರ ಬಿಡಿಸ್ತಾಳಾ?" ರೋಶನ್ ಕೇಳಿದ. "ಗಿರಾಕಿ ಹೊಸ ಬಟ್ಟೆ ತಂದು ಕೊಟ್ಟರೆ ನೀವು ಮುಗ್ಗಿದ ನೂಲಿನಲ್ಲಿ ಹೊಲೀತೀರಾ ಮಾಮ?"

ಮುಗ್ಗಿದ ನೂಲಿನಲ್ಲಿ ಸಂಜೀವ ಒಂದು ಗುಂಡಿಯನ್ನೂ ಹಚ್ಚಿದವರಲ್ಲ. ರೀಲಿನ ಮೇಲಿನ ದಾರವನ್ನು ಹೆಬ್ಬೆರಳಿನಿಂದ ಸವರಿದರು. ಕೊನೆಗೆ ಕೇಳಿದರು.

"ಎಲ್ಲವನ್ನೂ ತೆಗೆಯಬೇಕಾ?"

"ಇಲ್ಲ ಮಾಮ, ತೆಗೆಯಬಾರದು" ಎಂದ ರೋಶನ್. "ಉರುಳೆ ನುಣುಪು. ಈಗ ಸಿಗುವ ಹೊಸ ದಾರ ಸಣ್ಣ ಎಳೆಗಳನ್ನು ಹೆಣೆದು ಮಾಡಿದ್ದು. ಅದನ್ನು ಬರಿಯ ಉರುಳೆಗೆ ಸುತ್ತಿದರೆ ಜಾರಿ ಸುಮ್ಮನೆ ಸುತ್ತು ಹೊಡೀತದೆ. ದೊಡ್ಡ ಮೀನು ಎಳೆದರೆ ನಿಲ್ಲುವುದಿಲ್ಲ. ತಳದಲ್ಲಿ ಒಂದೆರಡು ಪದರ ಹಳೆಯ ನೈಲಾನ್ ಇರಬೇಕು. ಅದನ್ನು ಕಚ್ಚಿಕೊಂಡು ಹೊಸದು ನಿಲ್ತದೆ."

ಮನೆಗೆ ಬಂದು ಸಂಜೀವ ತಮ್ಮ ಕತ್ತರಿ ತೆಗೆದರು. ಮೇಲಿನ ದಾರವನ್ನೆಲ್ಲ ಬಿಚ್ಚಿದರು. ತಳದ ಪದರಗಳನ್ನು ಮುಟ್ಟದೆ ಬಿಟ್ಟರು. ಅಲ್ಲಿ ಸುತ್ತುಗಳು ಒತ್ತೊತ್ತಾಗಿ, ಬಿಗಿಯಾಗಿ ಕೂತಿದ್ದವು. ಚೆನ್ನಾಗಿ ಸುತ್ತಿದ್ದಾನೆ ಎಂದುಕೊಂಡರು. ಆಮೇಲೆ ಕತ್ತರಿಸಿದರು. ತೆಗೆದ ದಾರವನ್ನು ಹಕ್ಕಿಗಳ ಕಾಲಿಗೆ ಸಿಕ್ಕದಂತೆ ಕಾಗದದಲ್ಲಿ ಕಟ್ಟಿದರು. ಉಳಿದ ತುದಿಗೆ ರೋಶನ್ ತಂದುಕೊಟ್ಟ ಹೊಸ ದಾರವನ್ನು ಗಂಟು ಹಾಕಿ ನಿಧಾನವಾಗಿ ಸುತ್ತಿದರು.

ಹುಟ್ಟಿದ ದಿನದ ಬೆಳಿಗ್ಗೆ ಇಂಚರ ಅಜ್ಜನ ಜೊತೆ ದಂಡೆಗೆ ಬಂದಳು. ಅವಳ ಕಣ್ಣು ಮೊದಲು ರೀಲಿನ ಮೇಲೆ ಬಿತ್ತು.

"ಅಪ್ಪನ ದಾರ ಎಲ್ಲಿ ಅಜ್ಜ?"

"ತಳದಲ್ಲಿದೆ ಮಗಾ. ಹೊಸದಕ್ಕೆ ಹಿಡಿತ ಅದರದ್ದೇ."

ಅವಳು ಸ್ವಲ್ಪ ಯೋಚಿಸಿ ತಲೆಯಾಡಿಸಿದಳು. ಅಜ್ಜ ಅವಳ ಪುಟ್ಟ ಹೆಬ್ಬೆರಳನ್ನು ಉರುಳೆಯ ಮೇಲಿಟ್ಟು, ಅದರ ಮೇಲೆ ತಮ್ಮದನ್ನು ಹಗುರವಾಗಿ ಇಟ್ಟರು. ಮೊದಲ ಸಲ ಗುಂಡು ಕಾಲಬುಡದಲ್ಲಿ ಬಿತ್ತು. "ನನಗೂ ಹಾಗೇ ಆಗಿತ್ತು" ಎಂದರು ಅಜ್ಜ. ಆಮೇಲೊಮ್ಮೆ ದಾರ ಗಂಟಾಯಿತು. ಎರಡು ಎಳೆ ಎಳೆದಾಗ ಅದು ತಾನಾಗಿ ಬಿಚ್ಚಿಕೊಂಡಿತು. ಮುಂದಿನ ಸಲ ಸಂಜೀವ ತಮ್ಮ ಬೆರಳನ್ನು ತೆಗೆದುಬಿಟ್ಟರು. ಅವಳಿಗೆ ಅದು ಗೊತ್ತಾಗಲಿಲ್ಲ. ದಾರ ಸುಯ್ಯನೆ ಹೊರಟಿತು. ಗುಂಡು ಹೊಳೆಯ ನಡುವೆ ಬಿತ್ತು, ಉರುಳೆ ನಿಂತಿತು.

"ಇನ್ನೊಮ್ಮೆ ಎಸೀಲಾ ಅಜ್ಜ?" ಎಂದಳು ಇಂಚರ.

ನೀತಿ: ಅಗಲಿದವರ ನೆನಪನ್ನು ಬದುಕಿನ ತಳದಲ್ಲಿ ಬಿಗಿಯಾಗಿ ಉಳಿಸಿಕೊಳ್ಳಬೇಕು. ಆದರೆ ಮುಂದಿನವರಿಗೆ ಕೊಟ್ಟ ಮಾತು ನಡೆಯಬೇಕಾದರೆ, ಅದರ ಮೇಲೆ ಹೊಸ ದಾರವನ್ನು ಸುತ್ತಲೇಬೇಕು.